ಗೊತ್ತಿಲ್ಲದವರ ಜೋಡಿ ಮಾತಾಡಿಯೇ ನನ್ನ ನಾಲಿಗೆ ತಿರುಗಿತು

ಹೋದ ತಿಂಗಳು ಸ್ಪೇನಿನ ಮುರ್ಸಿಯಾದಿಂದ ಒಬ್ಬ ಖರೀದಿದಾರರು ಕರೆ ಮಾಡಿದ್ದರು. ಸುಮಾರು ನಲವತ್ತು ನಿಮಿಷ. ಮೆಣಸಿನಕಾಯಿಯ ಅಸ್ಟಾ ಬಣ್ಣ (ಕೆಂಪು ಎಷ್ಟು ಗಾಢ ಅನ್ನುವ ಅಳತೆ) ಎಷ್ಟು, ತೇವಾಂಶ ಎಷ್ಟು, ಕಂಟೇನರ್ ಎಂದು ಹೊರಡುತ್ತದೆ, ದುಡ್ಡು ಯಾವಾಗ ಬರುತ್ತದೆ, ಎಲ್ಲವನ್ನೂ ನಾನೇ ಇಂಗ್ಲಿಷಿನಲ್ಲಿ ಮಾತಾಡಿದೆ. ಮಾಲೀಕರು ಪಕ್ಕದಲ್ಲೇ ಕೂತಿದ್ದರು, ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ನಾನು ಓದಿದ್ದು ಹತ್ತನೇ ಇಯತ್ತೆವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ, ಊರು ಬ್ಯಾಡಗಿ. ಮೆಣಸಿನಕಾಯಿ ರಫ್ತು ಮಾಡುವ ಇದೇ ಆಫೀಸಿಗೆ ಸೇರಿದ ಹೊಸತರಲ್ಲಿ ವಿದೇಶಿ ನಂಬರಿನಿಂದ ಫೋನ್ ಬಂದರೆ ಫೈಲು ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ರಾತ್ರಿ ಮಾಳಿಗೆಯ ಮೇಲೆ ಇಯರ್‌ಫೋನ್ ಹಾಕಿಕೊಂಡು ಪರದೇಶದವರ ಜೋಡಿ ಮಾತಾಡುವಾಗ ಅಣ್ಣ ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಕ್ಲಾಸಿಗೆ ರೊಕ್ಕ ಕೊಟ್ರೂ ಬರಲಿಲ್ಲ, ಗೊತ್ತಿಲ್ಲದೋರ ಜೋಡಿ ಹರಟಿ ಹೊಡದ್ರ ಬರತೈತೇನು?" ಬಂತು. ಹೇಗೆ ಬಂತು ಅಂತ ಬರೆಯುತ್ತಿದ್ದೇನೆ. ಭಾಷೆ ಕಲಿಯಲು ಬೇರೆ ದೇಶದ ಅಪರಿಚಿತರ ಜೊತೆ ಮಾತಾಡಿಸುವ ಆ್ಯಪ್ ಹಾಕಿಕೊಳ್ಳುವುದು, ಪ್ರೊಫೈಲ್ ಮಾಡುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಮೊದಲು ಕಳೆದ ದುಡ್ಡಿನ ಲೆಕ್ಕ. ಹುಬ್ಬಳ್ಳಿಯ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ 6,500 ರೂಪಾಯಿ ಕಟ್ಟಿದ್ದೆ, ಬಸ್ ಖರ್ಚು ಬೇರೆ. ನಲವತ್ತು ಜನರ ಬ್ಯಾಚು. ಎರಡು ತಾಸಿನಲ್ಲಿ ನನ್ನ ಬಾಯಿ ತೆರೆಯುತ್ತಿದ್ದದ್ದು ಹೆಚ್ಚೆಂದರೆ ನಾಲ್ಕು ನಿಮಿಷ. ಆಮೇಲೆ ಆನ್‌ಲೈನ್ ಕೋರ್ಸ್ ಒಂದಕ್ಕೆ ಸುಮಾರು 14,000. ಅಲ್ಲಿ ದಿನಕ್ಕೊಂದು ವಿಷಯ: ಇವತ್ತು ಪರಿಸರ ಮಾಲಿನ್ಯ, ನಾಳೆ ಮೊಬೈಲಿನ ಲಾಭ ನಷ್ಟ. ಒಂದು ವಿಷಯದ ಪದಗಳು ಬಾಯಿಗೆ ಹತ್ತುವ ಮೊದಲೇ ಇನ್ನೊಂದು. ಕೊನೆಗೆ ತಾಸಿಗೆ 500ರಂತೆ ಮನೆಪಾಠದ ಹಾಗೆ ಹನ್ನೊಂದೋ ಹನ್ನೆರಡೋ ಕ್ಲಾಸು. ಆ ಮೇಡಂ ಒಳ್ಳೆಯವರು, ಆದರೆ ನನ್ನ ಅರ್ಧ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಿದ್ದರು. ಎಲ್ಲ ಸೇರಿ 28,000ದ ಹತ್ತಿರ ಹೋಯಿತು. ಆಗ ನನ್ನ ಸಂಬಳ ತಿಂಗಳಿಗೆ 13,000.

2021ರ ಎರಡನೇ ಲಾಕ್‌ಡೌನ್‌ನಲ್ಲಿ ಅಪರಿಚಿತರ ಜೊತೆ ಶುರು ಮಾಡಿದೆ. ಮೊದಲ ಎರಡು ತಿಂಗಳು ಬರೀ ಟೈಪಿಂಗ್. ಅದು ಪೂರ್ತಿ ದಂಡ. ಬೆರಳು ಚುರುಕಾದವು, ನಾಲಿಗೆ ಇದ್ದಲ್ಲೇ ಇತ್ತು. ಧ್ವನಿ ಕರೆಗೆ ಬಂದಾಗ ಮೊದಲನೆಯದು ಒಂದು ನಿಮಿಷವೂ ಬಾಳಲಿಲ್ಲ. ಮುಂದಿನ ಹತ್ತು ಹನ್ನೆರಡರದ್ದೂ ಅದೇ ಕಥೆ. ಆಮೇಲೊಬ್ಬರು ಕಾರಣ ಹೇಳಿದರು: "ನೀನು ಉತ್ತರ ಕೊಡುವುದೇ ಇಲ್ಲ, ಲೈನ್ ಹೋಯಿತು ಅಂದುಕೊಂಡೆ." ನಾನು ಕತ್ತಲಲ್ಲಿ ಕೂತು ತಲೆಯಾಡಿಸುತ್ತಿದ್ದೆ. ಧ್ವನಿ ಕರೆಯಲ್ಲಿ ತಲೆ ಯಾರಿಗೆ ಕಾಣುತ್ತದೆ? ಅಂದಿನಿಂದ ಪ್ರತಿ ಮಾತಿಗೂ ಬಾಯಿಬಿಟ್ಟು ಹೂಂಗುಡುವುದನ್ನು ರೂಢಿಸಿಕೊಂಡೆ. ಅಷ್ಟಕ್ಕೇ ಕರೆಗಳು ಹತ್ತು ನಿಮಿಷ ದಾಟಿದವು.

ಆಗೊಂದು ವಿಷಯ ಗಮನಕ್ಕೆ ಬಂತು. ಯಾವ ದೇಶದವರಾದರೂ ಅವೇ ಮೂರು ಪ್ರಶ್ನೆ ಕೇಳುತ್ತಾರೆ: ನಿನ್ನ ಊರು ಯಾವುದು? ಏನಾಗಬೇಕು ಅಂದುಕೊಂಡಿದ್ದೀಯ? ನಿಮ್ಮ ದೇಶದವರು ಹೀಗಂತೆ, ಹೌದಾ? ಮೊದಮೊದಲು ಬೇಸರ ಬರುತ್ತಿತ್ತು. ಆಮೇಲೆ ಹೊಳೆಯಿತು, ನನಗೆ ಬೇಕಾಗಿದ್ದದ್ದು ಇದೇ. ಕ್ಲಾಸಿನಲ್ಲಿ ಒಬ್ಬರೇ ಮೇಡಂ ಎದುರು ನೂರು ವಿಷಯ, ಇಲ್ಲಿ ನೂರು ಜನರ ಎದುರು ಮೂರೇ ವಿಷಯ. ಅದೇ ಉತ್ತರವನ್ನು ಹೊಸಬರಿಗೆ ಹೇಳುವಾಗ ಹಳಸಿದ್ದು ಅಂತ ಯಾರಿಗೂ ಅನಿಸುವುದಿಲ್ಲ, ನನಗೆ ಮಾತ್ರ ಪ್ರತಿ ಸಲವೂ ತುಸು ತಿದ್ದುವ ಅವಕಾಶ. ಬೇರೆ ವಿಷಯ ಬಂದರೆ ಇವೇ ಮೂರಕ್ಕೆ ಎಳೆದು ತರುತ್ತಿದ್ದೆ. ಕರೆ ಮುಗಿದ ಕೂಡಲೇ ಎಲ್ಲಿ ತಡವರಿಸಿದೆನೋ ಆ ಒಂದು ವಾಕ್ಯವನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದು, ಮರುದಿನದ ಕರೆಯಲ್ಲಿ ಬೇಕೆಂದೇ ಅದನ್ನು ಆಡುತ್ತಿದ್ದೆ. ನಲವತ್ತನೇ ಜನಕ್ಕೆ ಊರಿನ ಉತ್ತರ ಸಲೀಸಾಯಿತು. ನೂರರ ಹೊತ್ತಿಗೆ ನಾನು ಕನ್ನಡದಲ್ಲಿ ಯೋಚಿಸಿ ಹೊರಳಿಸುವುದು ನಿಂತಿತ್ತು. ಒಟ್ಟು ಮುನ್ನೂರರ ಆಸುಪಾಸು ಜನರ ಜೊತೆ ಮಾತಾಡಿರಬೇಕು, ನೋಟ್‌ಬುಕ್ಕು ಮೂರು ತುಂಬಿವೆ.

ಊರಿನ ಉತ್ತರಕ್ಕೇ ಬಹಳ ಪಾಡುಪಟ್ಟೆ. "ಮೈ ನೇಟಿವ್ ಈಸ್ ಬ್ಯಾಡಗಿ" ಅಂದರೆ ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ, ಹೊರಗಿನವರಿಗೆ ತಲೆಬುಡ ಗೊತ್ತಾಗುವುದಿಲ್ಲ. "ಹೋಮ್‌ಟೌನ್" ಅನ್ನಬೇಕು ಅಂತ ಕಲಿಸಿದ್ದು ಬ್ರೆಜಿಲಿನ ಒಬ್ಬ ಹುಡುಗ. ಆಮೇಲೆ ಊರು ಎಲ್ಲಿದೆ ಅನ್ನುವುದನ್ನು ಬಿಟ್ಟು ಊರಲ್ಲಿ ಏನಿದೆ ಅನ್ನುವುದರಿಂದ ಶುರು ಮಾಡಿದೆ: ಸುಗ್ಗಿಯಲ್ಲಿ ಮಾರುಕಟ್ಟೆ ಪೂರ್ತಿ ಕೆಂಪಾಗಿರುತ್ತದೆ, ಬೀದಿಯಲ್ಲಿ ನಡೆದರೆ ಸೀನು ಬರುತ್ತದೆ, ನಮ್ಮ ಕಾಯಿಯ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ. ಲಿಪ್‌ಸ್ಟಿಕ್ ಅಂದ ಕೂಡಲೇ ಪ್ರಶ್ನೆಗಳ ಸುರಿಮಳೆ. ಟರ್ಕಿಯ ಉರ್ಫಾದ ಒಬ್ಬ ಶಿಕ್ಷಕಿ ತಮ್ಮೂರಿನ ಇಸೋತ್ ಮೆಣಸಿನಕಾಯಿಯ ಬಗ್ಗೆ ಹೇಳಿದರು. ಹಗಲು ಬಿಸಿಲಿಗೆ ಹರವಿ, ರಾತ್ರಿ ಸುತ್ತಿಟ್ಟು ಬೆವರಿಸುತ್ತಾರಂತೆ, ಹಾಗಾಗಿ ಅದು ಕಪ್ಪಗಾಗುತ್ತದೆ. ನಾನು ನಮ್ಮ ಕಾಯಿಯ ಡಬ್ಬಿ, ಕಡ್ಡಿ ಎರಡು ಬಗೆ ವಿವರಿಸಿದೆ, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ (ಜಿಐ ಟ್ಯಾಗ್) ಸಿಕ್ಕಿದ್ದನ್ನೂ ಹೇಳಿದೆ. ಒಂದೂವರೆ ತಾಸು. ನನ್ನ ಕೆಲಸದ ಇಂಗ್ಲಿಷ್ ಅರ್ಧ ಬಂದದ್ದು ಆ ಒಂದೇ ರಾತ್ರಿ ಅಂದರೂ ತಪ್ಪಲ್ಲ.

ಕೆಲಸದ ಮಾತಿನಲ್ಲಿ ಎಡವಿದ್ದು "ಪಾಸ್ಡ್ ಔಟ್" ಅನ್ನುವಲ್ಲಿ. 2018ರಲ್ಲಿ ಪಾಸ್ಡ್ ಔಟ್ ಅಂದಾಗ ಆ ಕಡೆಯವರು ಗಾಬರಿಯಿಂದ "ಈಗ ಆರೋಗ್ಯ ಹೇಗಿದೆ?" ಅಂದರು. ಅವರ ಇಂಗ್ಲಿಷಿನಲ್ಲಿ ಅದು ಮೂರ್ಛೆ ಹೋಗುವುದು. ಫಿಲಿಪ್ಪೀನ್ಸಿನ ಮನಿಲಾದ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬಳು ನನ್ನ "ಯೆಗ್", "ಯೆಕ್ಸ್‌ಪೋರ್ಟ್" ಎರಡನ್ನೂ ಹಿಡಿದಳು. ಕನ್ನಡದವರು ಎಕಾರದ ಹಿಂದೆ ಯಕಾರ ಸೇರಿಸುವುದು ನಮಗೆ ಕೇಳಿಸುವುದೇ ಇಲ್ಲ. ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕೂತು ದಿನಕ್ಕೆ ಐವತ್ತು ಸಲ ತಪ್ಪು ಹೇಳುತ್ತಿದ್ದೆ, ಮೂರು ಕ್ಲಾಸಿನಲ್ಲಿ ಒಬ್ಬರೂ ತಿದ್ದಿರಲಿಲ್ಲ. ಅವಳಿಗೆ ನರ್ಸ್ ಆಗಿ ಕೆನಡಾಕ್ಕೆ ಹೋಗುವ ಆಸೆ. ನಾನು ಖರೀದಿದಾರರ ಜೊತೆ ನೇರವಾಗಿ ಮಾತಾಡುವವಳಾಗಬೇಕು ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವಳ ಹತ್ತಿರ. ಮನೆಯಲ್ಲಿ ಹೇಳಿರಲಿಲ್ಲ. ಗುರುತಿಲ್ಲದವರ ಎದುರು ಆಸೆ ಹೇಳಿಕೊಳ್ಳುವುದು ಹಗುರ.

ಮೂರನೇ ಪ್ರಶ್ನೆ ಅಪಾಯದ್ದು. ಕೊಲಂಬಿಯಾದ ಒಬ್ಬರಿಗೆ ಮಾದಕ ವಸ್ತುಗಳ ಬಗ್ಗೆ ಕೇಳಿಬಿಟ್ಟೆ. ಒಂದು ಕ್ಷಣ ಮೌನ, ಆಮೇಲೆ ಕರೆ ಕಟ್. ಅವರಿಗೆ ಆದ ನೋವು ನನಗೆ ತಿಳಿದದ್ದು, ಇನ್ನೊಬ್ಬರು ನನಗೆ "ನಿಮ್ಮಲ್ಲಿ ಮನೆಯೊಳಗೆ ಶೌಚಾಲಯ ಇದೆಯಾ?" ಅಂತ ಕೇಳಿದ ದಿನ. ಅಂದಿನಿಂದ ಪ್ರಶ್ನೆಯನ್ನು ತಿರುಗಿಸಿದೆ: ನಿಮ್ಮ ದೇಶದ ಬಗ್ಗೆ ಹೊರಗಿನವರು ಹೇಳುವ ಯಾವ ಮಾತು ಕೇಳಿ ಕೇಳಿ ಸಾಕಾಗಿದೆ? ಹೀಗೆ ಕೇಳಿದರೆ ಕಟ್ಟೆ ಒಡೆದ ಹಾಗೆ ಮಾತಾಡುತ್ತಾರೆ. ಬ್ರೆಜಿಲಿನವರಿಗೆ ತಾವು ಸ್ಪ್ಯಾನಿಷ್ ಮಾತಾಡುತ್ತೇವೆ ಅಂದುಕೊಳ್ಳುವವರ ಕಾಟ. ಟರ್ಕಿಯವರಿಗೆ, ನಿಮ್ಮಲ್ಲಿ ಒಂಟೆ ಮೇಲೆ ಓಡಾಡುತ್ತಾರಾ ಅನ್ನುವ ಪ್ರಶ್ನೆ. ನನ್ನ ಪಾಲಿಗೆ ಬಂದದ್ದು "ಹಿಂದೂ ಭಾಷೆ ಮಾತಾಡುತ್ತೀಯಾ" ಮತ್ತು ಖಾರ. ಖಾರಕ್ಕೆ ನನ್ನ ಉತ್ತರ ಸಿದ್ಧವಿತ್ತು: ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರ ಕಡಿಮೆ. ಭಾಷೆಗೆ, ನನ್ನದು ಕನ್ನಡ, ಅದಕ್ಕೆ ತನ್ನದೇ ಲಿಪಿ ಇದೆ ಅಂತ ಹೇಳಿ ಅವರ ಹೆಸರನ್ನು ಕನ್ನಡದಲ್ಲಿ ಬರೆದು ಕಳಿಸುತ್ತಿದ್ದೆ. ವಾದ ಮಾಡಿದ ದಿನ ಕರೆ ಐದು ನಿಮಿಷಕ್ಕೆ ಮುಗಿದಿದೆ, ಹೆಸರು ಬರೆದು ಕಳಿಸಿದ ದಿನ ಮರುದಿನವೂ ಕರೆ ಬಂದಿದೆ.

ಅದರಿಂದ ಒಂದು ಅಡ್ಡ ಪ್ರಯೋಗ ಹುಟ್ಟಿತು. ಉರ್ಫಾದ ಶಿಕ್ಷಕಿಯೂ ನಾನೂ ಎರಡೂ ಭಾಷೆಯಲ್ಲಿರುವ ಪದ ಹುಡುಕತೊಡಗಿದೆವು. ತಾರೀಖು, ಮೈದಾನ, ಜವಾಬು, ಹಾಜರು, ದುಕಾನು, ಹವಾ, ದುನಿಯಾ. ಅರಬಿ, ಫಾರಸಿಯಿಂದ ಅವರಿಗೂ ಬಂದಿವೆ, ನಮಗೂ ಬಂದಿವೆ. ನಮ್ಮ ಕಡೆ ಅಂಗಡಿಗೆ ದುಕಾನ ಅನ್ನುವುದನ್ನು ಕೇಳಿ ಅವರಿಗಾದ ಖುಷಿ ಹೇಳತೀರದು. ಅರವತ್ತು ಪದ ದಾಟಿತು. ಇಂಗ್ಲಿಷಿಗೆ ಇದರಿಂದ ಏನೂ ಲಾಭವಿಲ್ಲ, ಆದರೂ ಆ ಪಟ್ಟಿ ನನಗೆ ಬಲು ಪ್ರೀತಿಯದು.

ಹೆಣ್ಣುಮಕ್ಕಳಿಗೆ ಮುಖ್ಯವಾದ ಮಾತು. ಮೊದಲ ತಿಂಗಳುಗಳಲ್ಲಿ ಹತ್ತರಲ್ಲಿ ನಾಲ್ಕು ಜನ ಮಾತಿಗೆ ಬಂದವರೇ ಅಲ್ಲ. ಮುಖದ ಫೋಟೊ ತೆಗೆದು ಮೆಣಸಿನಕಾಯಿ ರಾಶಿಯ ಫೋಟೊ ಹಾಕಿದೆ, ಅರ್ಧ ಕಾಟ ನಿಂತಿತು. ಪ್ರೊಫೈಲಿನ ಮೊದಲ ಸಾಲನ್ನು ಬದಲಿಸಿದ ಮೇಲೆ ಹತ್ತಕ್ಕೆ ಒಬ್ಬ ಉಳಿದ. ಆ ಸಾಲನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಅದನ್ನೇ ಹಾಕಿದರೆ ಅದರ ಬಲ ಹೋಗುತ್ತದೆ. ಊರು, ಕೆಲಸ ಅಂತ ಚೆನ್ನಾಗಿ ಮಾತಾಡಿ ನಾಲ್ಕನೇ ದಿನ ಕ್ರಿಪ್ಟೊ ಲಾಭದ ಸುದ್ದಿ ತೆಗೆದವರು ಇಬ್ಬರು. ದುಡ್ಡಿನ ಮಾತು ಬಂದ ಕ್ಷಣವೇ ಬ್ಲಾಕ್, ಎರಡನೇ ಅವಕಾಶವಿಲ್ಲ.

ಹೊತ್ತಿನ ಲೆಕ್ಕ ಸರಿಯಿದ್ದರೆ ಒಳ್ಳೆಯವರು ಸಿಗುತ್ತಾರೆ. ರಾತ್ರಿ ಒಂಬತ್ತೂವರೆಗೆ ಟರ್ಕಿಯಲ್ಲಿ ಸಂಜೆ ಏಳು, ಕೆಲಸ ಮುಗಿಸಿ ಬಿಡುವಾಗಿರುತ್ತಾರೆ. ನಮ್ಮ ಬೆಳಿಗ್ಗೆ ಆರಕ್ಕೆ ಬ್ರೆಜಿಲಿನ ಸಾವ್ ಪಾವ್ಲೊದಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ನಮ್ಮ ನಡುರಾತ್ರಿ ಮಾತ್ರ ಬೇಡವೇ ಬೇಡ. ಕೂತು ಮಾತಾಡಿದ್ದಕ್ಕಿಂತ ಮಾಳಿಗೆಯ ಮೇಲೆ ಅಡ್ಡಾಡುತ್ತ ಮಾತಾಡಿದಾಗ ತಡವರಿಕೆ ಕಡಿಮೆಯಾಯಿತು, ಇದನ್ನು ಎರಡು ವಾರ ಅದಲುಬದಲು ಮಾಡಿ ನೋಡಿದ್ದೇನೆ.

ಖರ್ಚು? 450ರ ಇಯರ್‌ಫೋನ್ ತಿಂಗಳಲ್ಲೇ ಕೆಟ್ಟಿತು, ಆಮೇಲೆ 1,300ರದ್ದು ತಂದೆ. ಡೇಟಾಗೆ ಆಗ ತಿಂಗಳಿಗೆ 240-250 ಹೋಗುತ್ತಿತ್ತು. ಹದಿನಾಲ್ಕು ತಿಂಗಳಿಗೆ ಎಲ್ಲ ಸೇರಿ 5,500 ಆಗಿರಬಹುದು. ಈಗ ಸಂಬಳ 24,000, ನಮ್ಮ ಆಫೀಸಿನಲ್ಲಿ ವಿದೇಶಿ ಕರೆಗಳೆಲ್ಲ ನನ್ನ ಮೇಜಿಗೇ ಬರುತ್ತವೆ.

ಹೋದ ವಾರ ಅಣ್ಣ ತನ್ನ ಹೆಂಡತಿಗೆ ಹೊಸ ನೋಟ್‌ಬುಕ್ಕು ತಂದುಕೊಟ್ಟಿದ್ದಾನೆ. ಅತ್ತಿಗೆಯ ಊರು ಕಾಗಿನೆಲೆ. ಮೊದಲ ಪುಟದಲ್ಲಿ ಕನಕದಾಸರ ಬಗ್ಗೆ ನಾಲ್ಕು ವಾಕ್ಯ ಬರೆದುಕೊಂಡು ನಿನ್ನೆ ರಾತ್ರಿ ಮೊದಲ ಕರೆ ಮಾಡಿದರು. ಮೂರು ನಿಮಿಷ ಮಾತಾಡಿದರು. ನನ್ನ ಮೊದಲ ಕರೆಗಿಂತ ಎರಡು ನಿಮಿಷಕ್ಕೂ ಹೆಚ್ಚು.