ಪಂಚಮಿ ಹಬ್ಬಕ್ಕೆ ನಮ್ಮ ಬ್ಯಾಚ್ ಸೇರಿಸಿದ್ದು: ನನ್ನ ಅನುಭವ

ನಮ್ಮದು ಹರಪನಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲು. 1994ರ ಎಸ್ಸೆಸ್ಸೆಲ್ಸಿ ಬ್ಯಾಚು. ಹಾಜರಿಯಲ್ಲಿ 64 ಜನ ಇದ್ದೆವು. 2024ರ ಆಗಸ್ಟ್ 11, ಭಾನುವಾರ, ಅದೇ ಶಾಲೆಯ ಬಯಲಲ್ಲಿ 47 ಜನ ಸೇರಿದೆವು. ಅದರಲ್ಲಿ 16 ಜನ ಹೆಣ್ಣುಮಕ್ಕಳು. ಗುರುವಂದನೆ, ಸ್ನೇಹ ಸಮ್ಮಿಲನ ಅಂತ ಓಡಾಡಿದವರಿಗೆ ಈ 16ರ ಬೆಲೆ ಗೊತ್ತು.

ಪಂಚಮಿಗೆ ಇಟ್ಟುಕೊಳ್ಳೋಣ ಅಂದಾಗ ಎಲ್ಲರೂ ಬೇಡ ಅಂದರು. "ಹಬ್ಬ ಬಿಟ್ಟು ಯಾರ್ ಬರ್ತಾರೋ? ದಸರಾ ರಜೆಗೆ ಇಡು" ಅಂದರು. ನಾನು ಕೇಳಲಿಲ್ಲ. ನಮ್ಮ ಸೀಮೆಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರೋದೇ ಪಂಚಮಿಗೆ. ಆ ವರ್ಷ ಹಬ್ಬ ಶುಕ್ರವಾರ ಬಂದಿತ್ತು. ಭಾನುವಾರದವರೆಗೆ ಹೇಗೂ ಇರುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರಳೇ?

ಇದಕ್ಕೆ ಮುಂಚೆ ಎರಡು ಸಲ ಸೋತಿದ್ದೆ. 2017ರ ಡಿಸೆಂಬರಿನಲ್ಲಿ ದಾವಣಗೆರೆಯ ಒಂದು ಹೋಟೆಲಿನಲ್ಲಿ ಮಾಡಿದೆ. ತಲೆಗೆ 1500 ರೂಪಾಯಿ. 40 ಜನರ ಊಟಕ್ಕೆ ಹೇಳಿದ್ದೆ, ಬಂದವರು 14, ಎಲ್ಲಾ ಗಂಡಸರೇ. ಮಿಕ್ಕ ಊಟದ ದುಡ್ಡು, ಒಂಬತ್ತು ಸಾವಿರದಷ್ಟು, ನನ್ನ ಕೈಯಿಂದ ಹೋಯಿತು. 2019ರ ಮೇ ತಿಂಗಳಲ್ಲಿ ಶಾಲೆಯಲ್ಲೇ ಇಟ್ಟೆ. ಬಿಸಿಲು, ಮೇಲೆ ಮದುವೆ ಸೀಸನ್. 19 ಜನ ಬಂದರು. ಹೆಣ್ಣುಮಕ್ಕಳು ಇಬ್ಬರೇ ಇದ್ದರು, ಗಂಡಸರ ಗುಂಪು ನೋಡಿ ಅರ್ಧ ಗಂಟೆಯಲ್ಲಿ ಹೊರಟುಬಿಟ್ಟರು. ವಾಟ್ಸಾಪ್ ಗ್ರೂಪ್ ಕಥೆ ಬೇಡ. ಎಲೆಕ್ಷನ್ ಜಗಳಕ್ಕೆ ಮುಚ್ಚಿತು.

ಎಲ್ಲಿ ತಪ್ಪಿದೆ ಅಂತ ಗೊತ್ತಾಗಿದ್ದು 2021ರಲ್ಲಿ. ಒಬ್ಬ ಗೆಳೆಯ, ಈಗಲೂ ಪ್ರತಿ ವರ್ಷ ಕಾಫಿ ಸೀಮೆಗೆ ಗುಳೆ ಹೋಗುತ್ತಾನೆ, ಫೋನಿನಲ್ಲಿ ಹೇಳಿದ: "ನೀನು ತಲೆಗೆ 1500 ಅಂದಾಗ ಟೂರಿನ ಪಟ್ಟಿ ನೆನಪಾಯ್ತು ಕಣೋ." ಹತ್ತನೇ ಕ್ಲಾಸಿನಲ್ಲಿ ಹಂಪಿ, ಟಿ.ಬಿ. ಡ್ಯಾಂ ನೋಡಲು ಟೂರ್ ಹೋಗಿದ್ದೆವು. 70 ರೂಪಾಯಿ ಇರಬೇಕು. ಕೊಟ್ಟವರ ಹೆಸರು ಬೋರ್ಡಿನ ಮೇಲೆ ಬರೆದಿದ್ದರು. ಇಪ್ಪತ್ತು ಜನರ ಹೆಸರು ಇರಲಿಲ್ಲ. ನಾನು ಹೋಗಿ ಕಲ್ಲಿನ ರಥ ನೋಡಿಕೊಂಡು ಬಂದವನು. ಬೋರ್ಡಿನಲ್ಲಿ ಹೆಸರಿಲ್ಲದವರು ಆ ದಿನ ಏನು ಮಾಡಿದರು ಅಂತ 27 ವರ್ಷ ಕೇಳಿರಲೇ ಇಲ್ಲ. ಇವನು ಅವತ್ತು ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದನಂತೆ.

ಆಮೇಲೆ ರೇಟ್ ತೆಗೆದೇಬಿಟ್ಟೆ. ಎಲ್ಲರಿಗೂ ಒಂದೇ ತರದ ಖಾಕಿ ಕವರ್, ಹೆಸರು ಬರೆಯುವಂತಿಲ್ಲ. ಹಾಕುವಷ್ಟು ಹಾಕಿ ಅಂಟಿಸಿ ಡಬ್ಬಿಗೆ ಬಿಡಬೇಕು. ಖಾಲಿ ಇದ್ದರೂ ಅಂಟಿಸಿ ಬಿಡಲೇಬೇಕು, ಇದು ಮುಖ್ಯ. ಮುಂಗಡ ಖರ್ಚಿಗೆ ಇಬ್ಬರು ಅನುಕೂಲಸ್ಥರು 50 ಸಾವಿರ ಕೊಟ್ಟಿದ್ದರು, ಬ್ಯಾನರಿನಲ್ಲಿ ಹೆಸರು ಕೇಳದೆ. ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಸಂಜೆ ಮೂವರು ಕೂತು ಕವರ್ ಒಡೆದೆವು. 41 ಸಾವಿರ ಚಿಲ್ಲರೆ ಬಂತು. ಒಂದರಲ್ಲಿ ಹತ್ತರ ಎರಡು ನೋಟು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು.

ಖರ್ಚು ಸುಮಾರು 73 ಸಾವಿರ. ಮನೆಯವರು, ಮಕ್ಕಳು ಸೇರಿ 180 ಎಲೆ ಊಟಕ್ಕೆ 24 ಸಾವಿರ. ಶಾಮಿಯಾನ, ಕುರ್ಚಿ, ಮೈಕ್ 17 ಸಾವಿರ. ಏಳು ಜನ ಮೇಷ್ಟ್ರಿಗೆ ಶಾಲು, ಹಾರ, ಹಣ್ಣು ಮತ್ತು ಕರೆತರುವ ಕಾರು 20 ಸಾವಿರ ದಾಟಿತು. ಕಾರಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ, ಎಂಬತ್ತರ ಹತ್ತಿರದವರು ಅವರು. ಗುಳೆ ಹೋದ ಗಂಡಸರ ಬಸ್ ಚಾರ್ಜ್ ನಾವೇ ಕೊಟ್ಟೆವು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ ಫ್ರೀ ಆಗಿತ್ತಲ್ಲ, ಆ ಖರ್ಚು ಬರಲೇ ಇಲ್ಲ. ಉಳಿದಿದ್ದು 18 ಸಾವಿರ, ಶಾಲೆಗೆ ನೀರಿನ ಫಿಲ್ಟರ್ ಆಯಿತು.

ಇನ್ನು ಹುಡುಕಿದ್ದು. ಫೇಸ್‌ಬುಕ್ಕಿನಿಂದ ಏನೂ ಆಗಲಿಲ್ಲ. ನಾವು ಓದುವಾಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ. ಒಬ್ಬೊಬ್ಬರು ಒಂದೊಂದು ಜಿಲ್ಲೆ ಹಾಕಿಕೊಂಡಿದ್ದಾರೆ. ಹೆಣ್ಣುಮಕ್ಕಳ ಹೆಸರಿನ ಮುಂದೆ ಗಂಡನ ಹೆಸರು ಬಂದಿದೆ. ಅದಕ್ಕೆ ಬೈಕ್ ಹತ್ತಿ ತವರುಮನೆಗಳಿಗೇ ಹೋದೆ. ಮೂರು ತಿಂಗಳು, ಹನ್ನೊಂದು ಹಳ್ಳಿ. ಗಂಡಸು ಒಬ್ಬನೇ ಹೋಗಿ ಫೋನ್ ನಂಬರ್ ಕೇಳಿದರೆ ಯಾರು ಕೊಡ್ತಾರೆ? ಮೊದಲ ಮೂರು ಮನೆಯಲ್ಲಿ ಕೊಡಲಿಲ್ಲ. ನಮ್ಮ ಕ್ಲಾಸಿನವಳೇ ಒಬ್ಬಳು ಅಂಗನವಾಡಿ ಟೀಚರ್ ಆಗಿದ್ದಾಳೆ, ಅವಳಿಂದ ಫೋನ್ ಮಾಡಿಸಲು ಶುರು ಮಾಡಿದೆ. ನನ್ನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋದೆ. ಆಮೇಲೆ ಒಂದೂ ಮನೆ ಇಲ್ಲ ಅನ್ನಲಿಲ್ಲ. "ನಿಮ್ಮ ಅಳಿಯಂದಿರೂ ಬರಲಿ, ಮಕ್ಕಳೂ ಬರಲಿ" ಅಂತ ಆ ಮನೆಯ ಹಿರಿಯರಿಗೆ ಹೇಳಲೇಬೇಕು.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ನಮ್ಮ ಬ್ಲ್ಯಾಕ್ ಅಂಡ್ ವೈಟ್ ಗ್ರೂಪ್ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಎಂಟು ಅಡಿ ಫ್ಲೆಕ್ಸ್ ಮಾಡಿಸಿದೆ. ಮುಖಗಳೆಲ್ಲ ಬೂದಿ ಚೆಲ್ಲಿದ ಹಾಗೆ ಬಂದವು, 1800 ರೂಪಾಯಿ ದಂಡ. ಸ್ಟುಡಿಯೋದವರ ಹತ್ತಿರ ಸ್ಕ್ಯಾನ್ ಮಾಡಿಸಿ ಮೂರು ಅಡಿಗೆ ಇಳಿಸಿದ ಮೇಲೆ ಕಣ್ಣು ಮೂಗು ಕಂಡವು. ಇನ್ನೊಂದು ಚಿಗಳಿ. ಶಾಲೆ ಗೇಟಿನ ಹತ್ತಿರ ಒಬ್ಬ ಅಜ್ಜಿ ಮಾರುತ್ತಿದ್ದಳಲ್ಲ, ಅದೇ ರುಚಿ ಬೇಕು ಅಂತ ಹಟ ಹಿಡಿದೆ. ಮೊದಲ ಸಲ ಹೊಸ ಹುಣಸೆಹಣ್ಣು ಹಾಕಿ ಕುಟ್ಟಿದೆವು, ಕಡ್ಡಿಗೆ ನಿಲ್ಲಲಿಲ್ಲ. ಹಳೆ ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಒಣಮೆಣಸಿನಕಾಯಿ ಹಾಕಿ ಒರಳಲ್ಲೇ ಕುಟ್ಟಬೇಕು, ಮಿಕ್ಸಿ ಆಗಲ್ಲ. ಇನ್ನೊಂದು ಸಾಮಾನು ಬೀಳುತ್ತದೆ, ಅದು ಅಜ್ಜಿಯ ಮಗಳು ನನಗೆ ಹೇಳಿಕೊಟ್ಟಿದ್ದು, ಬರೆಯಲ್ಲ. 120 ಮಾಡಿದ್ದೆವು, ಹನ್ನೊಂದು ಗಂಟೆಗೆ ಖಾಲಿ.

ಅವತ್ತು ಭಾಷಣ ಇಡಲಿಲ್ಲ. ಗಣಿತದ ಮೇಷ್ಟ್ರ ಕೈಗೆ ಹಾಜರಿ ಪಟ್ಟಿ ಕೊಟ್ಟೆವು. ಅವರಿಗೆ ಈಗ ಕಣ್ಣು ಅಷ್ಟು ಕಾಣಲ್ಲ. ಪಟ್ಟಿಯನ್ನು ತೊಡೆ ಮೇಲೆ ಇಟ್ಟುಕೊಂಡರು, ನೋಡಲಿಲ್ಲ. ನಂಬರು, ಹೆಸರು, ತಂದೆಯ ಹೆಸರು, ಬಾಯಿಂದಲೇ ಕೂಗುತ್ತಾ ಹೋದರು. ಎರಡು ಕಡೆ ಮಾತ್ರ ತಡವರಿಸಿದರು. ಐವತ್ತರ ಹತ್ತಿರ ಬಂದವರು ಎದ್ದು ನಿಂತು "ಪ್ರೆಸೆಂಟ್ ಸಾರ್" ಅಂದರು. ತೀರಿಕೊಂಡವರು ಆರು ಜನ, ಅದರಲ್ಲಿ ಮೂವರು ಕೊರೋನಾದಲ್ಲಿ. ಆ ನಂಬರುಗಳನ್ನು ಬಿಟ್ಟು ಕೂಗಿ ಅಂತ ಅವರಿಗೆ ಮೊದಲೇ ಹೇಳೋಣ ಅಂದುಕೊಂಡಿದ್ದೆ, ಗಡಿಬಿಡಿಯಲ್ಲಿ ಮರೆತಿದ್ದೆ. 31 ಕೂಗಿದರು. ಎಲ್ಲರೂ ಸುಮ್ನಾದರು. ಅವನ ತಾಯಿ ಅದೇ ಊರಿನವರು, ಊಟಕ್ಕೆ ಕರೆದಿದ್ದೆವು. ಹಿಂದಿನ ಕುರ್ಚಿಯಿಂದ ಎದ್ದು, ಸೆರಗು ಹೊದ್ದುಕೊಂಡು, "ಅವ ಬಂದಿಲ್ರೀ ಸರ" ಅಂದರು. ಮೇಷ್ಟ್ರು "ಆಯ್ತಮ್ಮ, ಕೂತ್ಕೋ" ಅಂದು, ಸ್ವಲ್ಪ ಹೊತ್ತು ಬಿಟ್ಟು 32 ಕೂಗಿದರು.

ಇನ್ನೂ ಐದು ಜನ ಸಿಕ್ಕಿಲ್ಲ. 23ನೇ ನಂಬರಿನವಳು ಮೂಡಿಗೆರೆ ಕಡೆ ಒಂದು ಎಸ್ಟೇಟಿನಲ್ಲಿ ಇದ್ದಾಳೆ ಅಂತ ಆ ಗುಳೆ ಹೋಗುವ ಗೆಳೆಯ ಹೇಳಿದ್ದಾನೆ. ಕಾಫಿ ಕೊಯ್ಲು ಶುರುವಾದರೆ ಅವನೂ ಅಲ್ಲಿಗೇ ಹೋಗುತ್ತಾನೆ. ಈ ಸಲ ಅವನ ಜೊತೆ ನಾನೂ ಹೆಂಡತಿಯೂ ಹೊರಟಿದ್ದೇವೆ.