ಹಳೆ ಕಾರು ಆಯಿಲ್ ಕುಡಿಯುತ್ತಿದೆಯಾ? ಗ್ರೇಡ್ ಬದಲಿಸುವ ಮುಂಚೆ ಇದನ್ನು ನೋಡಿ

ನಮ್ಮ ಪೆಟ್ರೋಲ್ ಕಾರಿಗೆ 17 ವರ್ಷ. ಸಾವಿರ ಕಿಲೋಮೀಟರಿಗೆ ಸುಮಾರು ಅರ್ಧ ಲೀಟರ್ ಎಂಜಿನ್ ಆಯಿಲ್ ಇಳಿಯುತ್ತಿತ್ತು.

ಮೊದಲು ಸೋರಿಕೆ ನೋಡಿ. ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ, ಬೆಳಿಗ್ಗೆ ಕಲೆ ಬಿದ್ದಿದ್ದರೆ ಗೊತ್ತಾಗುತ್ತೆ. ಸೋರುವ ಎಂಜಿನ್‌ಗೆ ದುಬಾರಿ ಆಯಿಲ್ ಹಾಕಿದರೆ ಸುಮ್ನೆ ದುಡ್ಡು ದಂಡ.

ಆಮೇಲೆ ಹೊಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್ (ಆಯಿಲ್ ಪೆಟ್ರೋಲ್ ಉರಿಯುವ ಜಾಗಕ್ಕೆ ಇಳಿಯದಂತೆ ತಡೆಯುವ ರಬ್ಬರ್) ಗಟ್ಟಿಯಾಗಿರುತ್ತೆ. ನಮ್ಮದು ಹೀಗೇ ಇತ್ತು. ಏರಿನಲ್ಲಿ ಎಳೆಯುವಾಗೆಲ್ಲ ಬಂದರೆ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತ ಆಯಿಲ್ ತಡೆಯುವ ಬಳೆ) ಸವೆದಿರಬಹುದು, ಅದನ್ನು ಯಾವ ಆಯಿಲೂ ಸರಿ ಮಾಡಲ್ಲ.

ನಾವು 5ಡಬ್ಲ್ಯೂ-30 ಗ್ರೇಡ್ ಬಿಟ್ಟು 10ಡಬ್ಲ್ಯೂ-40ಕ್ಕೆ ಬಂದೆವು. ಗ್ರೇಡ್ ಅಂದರೆ ಆಯಿಲ್ ಎಷ್ಟು ಮಂದ ಅನ್ನೋದರ ಗುರುತು, ಡಬ್ಬಿ ಮೇಲೆ ಬರೆದಿರುತ್ತೆ. ಕೊನೆಯ ಅಂಕಿ ಎಂಜಿನ್ ಬಿಸಿಯಾದಾಗ ಆಯಿಲ್ ಎಷ್ಟು ಮಂದ ಅನ್ನೋದನ್ನು ಹೇಳುತ್ತೆ. ಮಂದ ಇದ್ದಷ್ಟೂ ಸಂದುಗಳಲ್ಲಿ ನುಸುಳೋದು ಕಡಿಮೆ. ನಮ್ಮ ಕಡೆಯ ಬಿಸಿಲಿಗೆ ಇದು ಚೆನ್ನಾಗಿ ಹೊಂದಿತು. ಆದರೆ ಕಾರಿನ ಪುಸ್ತಕದಲ್ಲಿ ಆ ಗ್ರೇಡ್ ಇದೆಯಾ ಅಂತ ನೋಡಿಯೇ ಹಾಕಿ. ಒಂದೇ ಸಲ 20ಡಬ್ಲ್ಯೂ-50ಕ್ಕೆ ಹಾರಬೇಡಿ, ತಣ್ಣಗಿರುವ ಎಂಜಿನ್‌ನಲ್ಲಿ ಅದು ಮೇಲಕ್ಕೆ ಏರೋದು ತಡ. ‘ಹೈ ಮೈಲೇಜ್’ (ತುಂಬಾ ಕಿಲೋಮೀಟರ್ ಓಡಿದ ಕಾರಿಗೆ ಅಂತ ಅರ್ಥ) ಅಂತ ಬರೆದ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು, ಒಣಗಿದ ಸೀಲನ್ನು ಮೆತ್ತಗೆ ಮಾಡುವ ಅಂಶ ಅದರಲ್ಲಿರುತ್ತೆ.

ಪ್ರತಿ 500 ಕಿಲೋಮೀಟರಿಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಡಿ, ಒರೆಸಿ ಮತ್ತೆ ಅದ್ದಿ. ಮೇಲಿನ ಗೆರೆ ದಾಟಿಸಬೇಡಿ, ಜಾಸ್ತಿ ಹಾಕಿದರೂ ಆಯಿಲ್ ಉರಿಯುತ್ತೆ.