ಅಂಗುಳ ಅಗಲವಾಯ್ತು, ಗೊರಕೆ ನಿಂತಿತು: ನನ್ನ ಅನುಭವ

"ಹಲ್ಲು ನೋಡೋರಿಗೆ ಮೂಗಿನ ಉಸಾಬರಿ ಯಾಕ್ರೀ?" ನಾಲ್ಕು ವರ್ಷದ ಹಿಂದೆ ಹಿರಿಯ ದಂತವೈದ್ಯರೊಬ್ಬರು ನನ್ನನ್ನು ಕೇಳಿದ್ದರು. ನಿದ್ದೆಯಲ್ಲಿ ಉಸಿರು ಕಟ್ಟುವ ಮಕ್ಕಳ ಕಿರಿದಾದ ಅಂಗುಳವನ್ನು ನಾನು ಅಗಲ ಮಾಡುತ್ತೇನೆ; ಅಂಗುಳವೇ ಮೂಗಿನ ನೆಲ ಅಲ್ವಾ? ಮೊನ್ನೆ ಅಂಥ ಒಬ್ಬ ಹುಡುಗನ ಮೂರನೇ ಸ್ಲೀಪ್ ಸ್ಟಡಿ (ರಾತ್ರಿ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ರಿಪೋರ್ಟ್ ಕೈಗೆ ಬಂತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹುಡುಗನಿಗೆ ಎಂಟು ವರ್ಷ. ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಬಂದಿದ್ದು ಸವೆದ ಹಾಲುಹಲ್ಲು ತೋರಿಸಲು. "ರಾತ್ರಿಯೆಲ್ಲ ಹಲ್ಲು ಕಡೀತಾನೆ ಸರ್. ಮೂರು ಸಲ ಹುಳದ ಮಾತ್ರೆ ಕೊಟ್ವಿ, ಕಡಿಮೆ ಆಗ್ಲಿಲ್ಲ" ಅಂದರು ತಾಯಿ. ಅಂಗುಳ ಕಿರಿದು, ಗೋಪುರದ ಹಾಗೆ ಎತ್ತರ. ಎರಡೂ ಕಡೆ ಕ್ರಾಸ್‌ಬೈಟ್, ಅಂದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಒಳಗೆ ಕೂರುತ್ತಿತ್ತು. ಮೇಲಿನ ಮುಂದಿನ ವಸಡು ಮಾತ್ರ ಕೆಂಪು, ಬಾಯಲ್ಲಿ ಉಸಿರಾಡುವವರಲ್ಲಿ ಕಾಣುವ ಹಾಗೆ. ಟಾನ್ಸಿಲ್ ಗ್ರೇಡ್ 3, ಅಂದರೆ ಸಾಕಷ್ಟು ದೊಡ್ಡದು. ಗೊರಕೆ ಇದೆಯಾ ಅಂದರೆ, "ಹೂಂ, ಗಾಢ ನಿದ್ದೆ ಅವನಿಗೆ" ಅಂದರು. ಈಗಲೂ ಹಾಸಿಗೆ ಒದ್ದೆ ಮಾಡ್ತಾನೆ ಅನ್ನೋದನ್ನ ದನಿ ಇಳಿಸಿ ಹೇಳಿದರು.

ಅವನು ಮಲಗಿದ್ದಾಗಿನ ವಿಡಿಯೊ ತರಲು ಹೇಳಿದೆ. ಅಂಗಿ ಬಿಚ್ಚಿ, ಎದೆ ಹೊಟ್ಟೆ ಕಾಣುವ ಹಾಗೆ, ಬೆಳಗಿನ ಜಾವ ತೆಗೀಬೇಕು. ಸಂಜೆ ನಿದ್ದೆಯಲ್ಲಿ ತೆಗೆದರೆ ಎಷ್ಟೋ ಸಲ ಏನೂ ಸಿಗಲ್ಲ. ಫ್ಯಾನಿನ ಸದ್ದಿನ ಮೇಲೆ ಗೊರಕೆ ಕೇಳುತ್ತಿತ್ತು. ಒಮ್ಮೆಲೇ ನಿಂತಿತು. ಎದೆ ಒಳಕ್ಕೆ ಸೆಳೆಯುತ್ತಿದೆ, ಹೊಟ್ಟೆ ಉಬ್ಬುತ್ತಿದೆ, ಗಾಳಿ ಮಾತ್ರ ಹೋಗುತ್ತಿಲ್ಲ. ಗಡಿಯಾರ ನೋಡಿದೆ, ಹನ್ನೊಂದು ಸೆಕೆಂಡ್. ಆಮೇಲೆ ಕತ್ತು ಹಿಂದಕ್ಕೆ ಚಾಚಿ ಗಕ್ಕನೆ ಉಸಿರೆಳೆದುಕೊಂಡ, ಕರಕರ ಹಲ್ಲು ಕಡಿದ. ತಂದೆ ಅದನ್ನು ಎರಡನೇ ಸಲ ನೋಡಲಿಲ್ಲ.

ಇದಕ್ಕೂ ಮುಂಚೆ ಎರಡು ಕೇಸ್ ಕೆಟ್ಟಿದ್ದವು. ಮೊದಲನೆಯ ಹುಡುಗಿಗೆ ಇಎನ್‌ಟಿಗೆ (ಕಿವಿ-ಮೂಗು-ಗಂಟಲು ವೈದ್ಯರಿಗೆ) ಕಳಿಸದೆ ಸೀದಾ ಎಕ್ಸ್‌ಪಾಂಡರ್ (ಸ್ಕ್ರೂ ತಿರುಗಿಸಿ ಅಂಗುಳ ಅಗಲ ಮಾಡುವ ಸಾಧನ) ಹಾಕಿದೆ. ಆರು ಮಿ.ಮೀ. ಅಗಲವಾಯ್ತು, ಗೊರಕೆ ಇದ್ದ ಹಾಗೇ ಇತ್ತು. ಅಡಿನಾಯ್ಡ್, ಅಂದರೆ ಮೂಗಿನ ಹಿಂದಿನ ಗ್ರಂಥಿ, ಉಸಿರಿನ ದಾರಿಗೆ ಅಡ್ಡ ಕೂತಿತ್ತು. ಹನ್ನೆರಡು ಸಾವಿರದಷ್ಟು ಫೀಸು ವಾಪಸ್ ಕೊಟ್ಟೆ. ಎರಡನೆಯದರಲ್ಲಿ ಹಲ್ಲಿಗೆ ಅಂಟಿಸಿದ್ದ ಅಕ್ರಿಲಿಕ್ (ಪ್ಲಾಸ್ಟಿಕ್) ಎಕ್ಸ್‌ಪಾಂಡರ್ ಎಂಟನೇ ದಿನ ಕಿತ್ತು ಬಂತು. ಅವರು ಊರಿಂದ ಬರುವಷ್ಟರಲ್ಲಿ ಅಂಗುಳ ಮತ್ತೆ ಕೂಡಿಕೊಂಡಿತ್ತು. ಲ್ಯಾಬ್ ಬಿಲ್ಲು ಮೂರು ಸಾವಿರ ಕೈಯಿಂದ ಹೋಯ್ತು.

ಈ ಸಲ ಇಎನ್‌ಟಿಯೇ ಮೊದಲು. ಬೆಂಗಳೂರಿನಲ್ಲಿ ಸ್ಲೀಪ್ ಸ್ಟಡಿ, ಹೋಗಿಬರುವ ಖರ್ಚು ಸೇರಿ ಹದಿನೈದು ಸಾವಿರದ ಹತ್ತಿರ. ಎಎಚ್‌ಐ, ಅಂದರೆ ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಲ್ಲುತ್ತೆ ಅಥವಾ ತಗ್ಗುತ್ತೆ ಅನ್ನೋ ಲೆಕ್ಕ, 13. ಟಾನ್ಸಿಲ್, ಅಡಿನಾಯ್ಡ್ ತೆಗೆದರು. ಮೂರು ತಿಂಗಳ ಮೇಲೆ ಮತ್ತೆ ಮಾಡಿಸಿದರೆ 5. "ಐದು ತಾನೇ, ನಾರ್ಮಲ್" ಅಂತ ಯಾರೋ ಹೇಳಿ ಕಳಿಸಿದ್ದರು. ದೊಡ್ಡವರ ಲೆಕ್ಕವನ್ನು ಮಕ್ಕಳಿಗೆ ಹಾಕಬಾರದು ಅಲ್ವಾ? ಮಕ್ಕಳಲ್ಲಿ ಒಂದು ದಾಟಿದರೇ ತೊಂದರೆ.

ಅಲ್ಲಿಂದ ನನ್ನ ಕೆಲಸ. ಬ್ಯಾಂಡ್ ಹಾಕಿದ ಹೈರಾಕ್ಸ್ (ದವಡೆ ಹಲ್ಲಿಗೆ ಲೋಹದ ಪಟ್ಟಿಯಿಂದ ಕೂರಿಸುವ ಎಕ್ಸ್‌ಪಾಂಡರ್), ಅದರ ಸ್ಕ್ರೂ ಬೆಳಿಗ್ಗೆ ಕಾಲು ಸುತ್ತು, ರಾತ್ರಿ ಕಾಲು ಸುತ್ತು. ಎಷ್ಟು ಸುತ್ತಾಯ್ತು ಅಂತ ಕ್ಯಾಲೆಂಡರ್‌ನಲ್ಲಿ ಗೀಟು ಹಾಕಿಸಿದೆ. ಆರನೇ ದಿನ ತಾಯಿಯ ಫೋನ್ ಬಂತು, "ಮುಂದಿನ ಹಲ್ಲು ಬಿಟ್ಟುಕೊಂಡಿದೆ ಸರ್!" ನಾನು ಕಾಯುತ್ತಿದ್ದದ್ದೇ ಅದಕ್ಕೆ; ನಡುವಿನ ಆ ಸಂದು ಬಿತ್ತೆಂದರೆ ಅಂಗುಳ ತೆರೆದುಕೊಳ್ಳುತ್ತಿದೆ ಅಂತ. ಎರಡು ವಾರಕ್ಕೆ ಆರೂವರೆ ಮಿ.ಮೀ. ಇರಬೇಕು. ಬ್ಯಾಂಡ್ ಒಂದು ಸಲವೂ ಕಿತ್ತು ಬರಲಿಲ್ಲ. ಫೀಸು ಹದಿನೆಂಟು ಸಾವಿರ, ನಾಲ್ಕು ಕಂತು.

ನಡುವೆ ತುಟಿ ಮುಚ್ಚುವ ಅಭ್ಯಾಸಕ್ಕೆ ಬಲೂನ್ ಊದಿಸಿ ನೋಡಿದೆ, ಏನೂ ಪ್ರಯೋಜನ ಆಗಲಿಲ್ಲ. ಅಂಗಿಯ ಗುಂಡಿಗೆ ದಾರ ಕಟ್ಟಿ ತುಟಿಯೊಳಗೆ ಹಿಡಿಸಿ ಎಳೆಯೋದು ಕೆಲಸ ಮಾಡಿತು. ಬಾಯಿಗೆ ಟೇಪ್ ಹಚ್ಚೋದನ್ನ ಕೆಲವರು ಕೇಳುತ್ತಾರೆ. ಮೂಗು ಕಟ್ಟಿರುವ ಮಗುವಿಗೆ ಅದನ್ನು ನಾನು ಖಂಡಿತ ಹಚ್ಚಲ್ಲ.

ಮೂರನೇ ರಿಪೋರ್ಟ್‌ನಲ್ಲಿ ಎಎಚ್‌ಐ 1.2. ಗೊರಕೆ ಇಲ್ಲ. ಹಾಸಿಗೆ ಒದ್ದೆಯಾಗಿ ಎರಡು ತಿಂಗಳ ಮೇಲಾಯ್ತು. ಎಎಚ್‌ಐ ಇನ್ನೂ ಒಂದರ ಮೇಲೇ ಇದೆ, ಹಾಗಾಗಿ ಮೂಗಿನ ಸ್ಪ್ರೇ ನಿಲ್ಲಿಸಿಲ್ಲ. ಹಲ್ಲು ಕಡಿಯೋದು ಯಾವಾಗಲೋ ಒಮ್ಮೆ ಉಂಟಂತೆ. ಮುಂದಿನ ತಿಂಗಳು ಸ್ಕ್ರೂ ತೆಗೆಸಲು ಬರ್ತಾನೆ. ಇನ್ನೊಂದು ವಿಡಿಯೊ ತರಲು ಹೇಳಿದ್ದೇನೆ.